ಘಾಟಿನ ಕೆಳಗಿನ ಹಳ್ಳ

ಸಾಕ್ಸಿನ ಮೇಲೆ ಸೀರೆಯ ಪ್ಲಾಸ್ಟಿಕ್ ಕವರು, ಅದರ ಮೇಲೆ ಬೂಟು. ಮಗ್ಗದಿಂದ ಇಳಿದ ಸೀರೆಗಳನ್ನು ಮಡಚಿ ಹಾಕುವ ಆ ತೆಳ್ಳನೆಯ ಕವರು ಪಾದಕ್ಕೆ ಚೆನ್ನಾಗಿ ಕೂರುತ್ತದೆ. ಹಿಮ್ಮಡಿಯ ಹತ್ತಿರ ಮಾತ್ರ ಸ್ವಲ್ಪ ಜಾರುತ್ತದೆ. ಮಳೆಗೆಂದು ಕಾಕಾ ಹುಡುಕಿದ ಉಪಾಯ ಇದು. ಬನಹಟ್ಟಿಯಲ್ಲಿ ಅವರ ಪವರ್‌ಲೂಮ್ ಇದೆ. ಅಲ್ಲಿಂದ ಒಂದು ಕಟ್ಟು ಕವರು ತಂದು ಮನಾಲಿಯಲ್ಲಿ ಎಲ್ಲರಿಗೂ ಹಂಚಿದ್ದರು.

ಬೈಕುಗಳನ್ನು ದಿಲ್ಲಿಯವರೆಗೆ ರೈಲಿಗೆ ಹಾಕಿ, ಅಲ್ಲಿಂದ ಓಡಿಸಿಕೊಂಡು ಲೇಹ್ ಕಡೆಗೆ ಹೊರಟಿದ್ದೆವು. ಕಾಕಾ, ಅವರ ಇಬ್ಬರು ಗೆಳೆಯರು, ಜಮಖಂಡಿಯಿಂದ ನಾನು. ಗೆಳೆಯರಲ್ಲಿ ಒಬ್ಬರು ಅನಗವಾಡಿಯ ರೈತರು, ಇನ್ನೊಬ್ಬರು ಮುಧೋಳದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಲೇ ನಾನು ಬುಲೆಟ್ ಕಲಿತಿದ್ದೆ. ಆದರೂ ಅಪ್ಪ ನನ್ನನ್ನು ಕಳಿಸಲು ಒಪ್ಪಿದ್ದು, ಕಾಕಾ ನಮ್ಮ ಪಡಸಾಲೆಯಲ್ಲಿ ಎಲ್ಲರೆದುರು ಒಂದು ಷರತ್ತು ಹಾಕಿದ ಮೇಲೆ.

"ಎಲ್ಲೇ ಆಗಲಿ, ನಿನ್ನ ಕೈಲೆ ಗಾಡಿ ಹೊಡಿಯಾಕ ಆಗಲಿಲ್ಲಂದ್ರ ಅದನ್ನ ಲಾರಿಗೆ ಹಾಕ್ತೇನಿ. ಮುಂದ ಊರ ಮುಟ್ಟೂತನಕಾ ನನ್ನ ಹಿಂದ ಕುಂದ್ರೂದು. ಕಬೂಲೇನು?"

ಒಪ್ಪಿಕೊಂಡಿದ್ದೆ. ಲೇಹ್ ದಾರಿಯ ಬಾರಾಲಾಚಾ ಘಾಟನ್ನು ನಾನೇ ಗಾಡಿ ಓಡಿಸಿ ದಾಟಬೇಕೆಂದು ಎಷ್ಟು ಆಸೆಯಿತ್ತೆಂದು ಯಾರಿಗೂ ಹೇಳಿರಲಿಲ್ಲ.

ಆ ಘಾಟು ಏರುವ ದಿನ ಬೆಳಗಿನಿಂದಲೇ ಮಳೆ. ಲೋಕಾಪುರದ ಕಡೆಯ ಗುಡ್ಡಗಳನ್ನೇ ಗುಡ್ಡವೆಂದುಕೊಂಡು ಬೆಳೆದವಳು ನಾನು. ಅವುಗಳಿಗೆ ತುದಿ ಇದೆ, ಕಣ್ಣೆತ್ತಿದರೆ ಕಾಣುತ್ತದೆ. ಇಲ್ಲಿ ಮೋಡ ಹರಿದಾಗಲೆಲ್ಲ, ತುದಿ ಎಂದುಕೊಂಡದ್ದರ ಹಿಂದೆ ಇನ್ನೊಂದು ಕಲ್ಲಿನ ಗೋಡೆ ನಿಂತಿರುತ್ತಿತ್ತು. ಅದರ ಮೇಲೆ ಮತ್ತೊಂದು. ಬಹಳ ಎತ್ತರದ ತಿರುವಿನಲ್ಲಿ ಜೋಳದ ಕಾಳಿನಷ್ಟು ಏನೋ ಸರಿಯುತ್ತಿತ್ತು. ಅದು ಲಾರಿ, ನಾವು ಹೋಗಬೇಕಾದದ್ದೂ ಅಲ್ಲಿಗೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೆಲ್ಮೆಟ್ಟಿನೊಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಮಾತಾಡಿಸುವವರು ಯಾರೂ ಪಕ್ಕದಲ್ಲಿಲ್ಲದ್ದು ಒಳ್ಳೆಯದೇ ಆಯಿತು.

ಮಧ್ಯಾಹ್ನ ದಾರಿಗೆ ಅಡ್ಡವಾಗಿ ಹಳ್ಳವೊಂದು ಹರಿಯುತ್ತಿತ್ತು. ಸೇತುವೆ ಇಲ್ಲ. ರಸ್ತೆಯ ಮೇಲೆಯೇ ಬೂದುಬಣ್ಣದ ನೀರು, ಅದರೊಳಗೆ ಕಲ್ಲು ಉರುಳುವ ಸದ್ದು.

"ಹಳ್ಳದ್ದು ನನಗ ಕೇಳ್ರಿ," ಎಂದರು ಅನಗವಾಡಿಯವರು. "ಹೊಳಿ ದಂಡಿ ಮ್ಯಾಲೆ ಬೆಳದಾಂವ ನಾ. ಹಳ್ಳ ಬಂತಂದ್ರ ಅದರ ಕೂಡ ಜಗಳಾ ತಗೀಬಾರದು. ತಾಸೊತ್ತು ಕುಂದ್ರಬೇಕು, ತಾನ ಇಳೀತೈತಿ."

"ತಿಮ್ಮಾಪುರದಾಗಿಂದ ಒಂದು ಮುಧೋಳ ನಾಯಿ ತಂದಿದ್ರ, ಇಷ್ಟೊತ್ತಿಗೆ ಅದು ಜಿಗದು ಆ ಕಡೆ ನಿಂತು ನಮ್ಮನ್ನ ನೋಡಿ ನಗತಿತ್ತು," ಎಂದರು ಮುಧೋಳದವರು.

ಎಲ್ಲರೂ ಒಪ್ಪಿದೆವು, ನಾನೂ ಕೂಡ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುವುದು. ಮಳೆ ನಿಂತರೆ ಹಳ್ಳ ಇಳಿಯುತ್ತದೆ, ಸಂಜೆಗೆ ಎತ್ತಿನ ಗಾಡಿಯೂ ದಾಟುತ್ತದೆ. ತಾಡಪತ್ರಿ ಎಳೆದುಕೊಂಡು ಅದರ ಕೆಳಗೆ ಕಡಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಳೆ ನಿಂತಿತು. ಬಿಸಿಲೂ ಬಿತ್ತು. ಎಲ್ಲರಿಗೂ ಖುಷಿ.

ನೀರಿನ ಅಂಚಿನಲ್ಲಿ ಬಿಳಿ ಪಟ್ಟಿಯಿದ್ದ ಒಂದು ಕಲ್ಲನ್ನು ನಾನು ಗುರುತಿಟ್ಟುಕೊಂಡಿದ್ದೆ. ಮತ್ತೆ ನೋಡಿದಾಗ ಅದು ಕಾಣಲಿಲ್ಲ.

"ಕಾಕಾ, ನೀರು ಏರಾಕತ್ತೈತ್ರಿ."

"ಮಳಿ ನಿಂತೈತಿ, ಹ್ಯಾಂಗ ಏರತೈತಿ ಬೇ?" ಅನಗವಾಡಿಯವರು ನಕ್ಕರು.

"ಬಿಳಿ ಪಟ್ಟಿ ಕಲ್ಲು ಕಾಣವಲ್ದು."

ಕಾಕಾ ಎದ್ದು ಹೋಗಿ ನೋಡಿದರು. ಆಮೇಲೆ ತಲೆ ಎತ್ತಿ, ಗುಡ್ಡದ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದ ಹಿಮವನ್ನು ನೋಡಿದರು. "ಬರ್ಫ ಕರಗಾಕತ್ತೈತಿ, ಲೇ! ಬಿಸಿಲು ಬಿದ್ದಷ್ಟೂ ನೀರು. ನಮ್ಮ ಹಳ್ಳಕ್ಕ ಬರೇ ಮಳಿ ನೀರು, ಇದಕ್ಕ ಗುಡ್ಡಾನ ನೀರು!"

"ಹೊಳಿ ದಂಡಿ ಸಾಹೇಬ್ರ," ಮುಧೋಳದವರು ಕೈಮುಗಿದರು, "ಇನ್ನೊಂದು ತಾಸು ಕುಂದ್ರೂಣೇನ್ರಿ?"

"ಬಾಯಿ ಮುಚ್ಚಲೇ."

ಹಿಂದಿನ ತಿರುವಿನಲ್ಲಿದ್ದ ಟೆಂಟಿನ ಢಾಬಾಕ್ಕೆ ಮರಳಿದೆವು. ಅಷ್ಟರಲ್ಲಿ ಮತ್ತೆ ಮಳೆ ಶುರುವಾಗಿತ್ತು. ಚಹಾ ಕುಡಿಯುತ್ತ ಕಾಕಾ ನನ್ನ ಕಡೆ ನೋಡದೆ ಹೇಳಿದರು: "ನಾಳೆ ನಿನ್ನ ಗಾಡಿ ಲಾರಿಗೆ ಹಾಕೂಣು, ತಂಗಿ. ಇದು ಹುಡುಗಾಟಕಿ ಅಲ್ಲ. ನಿಮ್ಮಪ್ಪಗ ಮಾತು ಕೊಟ್ಟಾಂವ ನಾನು."

"ನಾಳೆ ನೀರು ನೋಡಿ ಮಾತಾಡೂಣ್ರಿ, ಕಾಕಾ," ಎಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊರಗೆ ಬಂದೆ. ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಮೇಲೆ ಸುರಿದ ಮಳೆ ಮೇಲೆಲ್ಲ ಹಿಮವಾಗಿ ಬಿದ್ದಿತ್ತು. ಮೋಡ ಎಲ್ಲೂ ಇರಲಿಲ್ಲ. ನಿನ್ನೆ ತುಂಡುತುಂಡಾಗಿ ಕಂಡಿದ್ದ ಗೋಡೆಗಳೆಲ್ಲ ಒಂದೇ ಬೆಟ್ಟವಾಗಿದ್ದವು. ಅದು ಇಷ್ಟು ಹತ್ತಿರದಲ್ಲಿತ್ತೆಂದು, ಇಡೀ ದಿನ ಅದರ ಮೈಮೇಲೆಯೇ ನಾವು ಹರಿದಾಡಿದ್ದೆವೆಂದು ನನಗೆ ಗೊತ್ತೇ ಆಗಿರಲಿಲ್ಲ. ಎಲ್ಲಿಯೂ ಸದ್ದಿಲ್ಲ. ಹಳ್ಳದ ಸದ್ದು ಕೂಡ ಇಲ್ಲ ಎಂಬುದು ಆಮೇಲೆ ಹೊಳೆಯಿತು.

ಹಳ್ಳದವರೆಗೆ ನಡೆದು ಹೋದೆ. ಚಳಿಗೆ ಹಿಮ ಕರಗುವುದು ನಿಂತು, ನೀರು ಕಲ್ಲುಗಳ ನಡುವೆ ತಿಳಿಯಾಗಿ ಹರಿಯುತ್ತಿತ್ತು. ಎಡಗಡೆ ಉಸುಕಿನಲ್ಲಿ ಕಾಲು ಹೂತಿತು, ಬಲಗಡೆ ಗಟ್ಟಿಯಿತ್ತು. ಆಚೆಯವರೆಗೆ ನಡೆದು, ಅದೇ ಜಾಡಿನಲ್ಲಿ ಮರಳಿದೆ.

ಕಾಕಾ ಲಾರಿಯವನೊಂದಿಗೆ ಮಾತಾಡುತ್ತಿದ್ದರು.

"ನೀರು ಮೊಳಕಾಲಿನ ಕೆಳಗೈತ್ರಿ. ನಡದು ನೋಡಿ ಬಂದೇನಿ. ಬಲಕ್ಕ ಹಿಡದ್ರ ಉಸುಕಿಲ್ಲ."

ಅವರು ನನ್ನ ಒದ್ದೆ ಪ್ಯಾಂಟನ್ನು ನೋಡಿದರು. "ಬಿದ್ದರ?"

"ಬಿದ್ದರ ನೀವು ಹೇಳಿದಂಗ."

ಮೊದಲ ಗೇರಿನಲ್ಲೇ, ಕಾಲು ಕೆಳಗೆ ಬಿಡದೆ ದಾಟಿದೆ. ನಡುವೆ ಹಿಂದಿನ ಗಾಲಿ ಒಮ್ಮೆ ಪಕ್ಕಕ್ಕೆ ಸರಿಯಿತು, ಆಕ್ಸಿಲರೇಟರ್ ಬಿಡಲಿಲ್ಲ. ಆಚೆ ದಡದಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಬೆಟ್ಟವನ್ನು ನೋಡುತ್ತಿದ್ದಾಗ ಕಾಕಾ ದಾಟಿ ಬಂದರು. ತಮ್ಮ ಗಾಡಿಯನ್ನು ನನ್ನ ಗಾಡಿಯ ಹಿಂದೆ ನಿಲ್ಲಿಸಿದರು.

"ನೀ ಮುಂದ ನಡಿ," ಎಂದರು. "ಬಿಸಿಲು ಏರೂದರಾಗ ಘಾಟ ದಾಟೂಣು."

ಹೆಲ್ಮೆಟ್ ಹಾಕಿಕೊಂಡು ಏರತೊಡಗಿದೆ.