ಏರಿನ ಬುಡದಲ್ಲಿ ಎ.ಸಿ. ಆಫ್

ನಮ್ಮ ಹಳೆಯ ಕಾರಿಗೆ ಮೂವತ್ತೇಳು ಅಶ್ವಶಕ್ತಿ ಇತ್ತು. ಹೊಸದಕ್ಕೆ ನೂರ ಹದಿನೆಂಟು. ಹೆಚ್ಚಿಗೆ ಬಂದ ಈ ಕುದುರೆಗಳೆಲ್ಲ ದಿನವೂ ನನ್ನ ಜೊತೆ ಕಾಟಿಪಳ್ಳದಿಂದ ಮಂಗಳೂರಿನ ಬಿಜೈಗೆ ಬಂದು ಸಂಜೆ ವಾಪಸು ಹೋಗುತ್ತವೆ. ನಡುವೆ ಅವು ಏನು ಮಾಡುತ್ತವೆ ಎಂಬುದು ನನಗೆ ಈ ತನಕ ಅರ್ಥವಾಗಿಲ್ಲ. ಹಳೆಯ ಕಾರಿನಲ್ಲಿ ಹೊರಟಾಗಲೂ ಕೂಳೂರು ಸೇತುವೆಯ ಹತ್ತಿರ ಸಿಕ್ಕಿಬೀಳುತ್ತಿದ್ದೆ, ಈಗಲೂ ಅಲ್ಲೇ ಸಿಕ್ಕಿಬೀಳುತ್ತೇನೆ. ಆಗಲೂ ಸಿಟಿ ಬಸ್ಸಿನವನು ಎಡಗಡೆಯಿಂದ ನುಗ್ಗಿ ಮುಂದೆ ಹೋಗುತ್ತಿದ್ದ, ಈಗಲೂ ಹೋಗುತ್ತಾನೆ.

ಅಶ್ವಶಕ್ತಿಯ ಲೆಕ್ಕ ನಾನು ಕಲಿತದ್ದು ಕಾರಿನಿಂದಲ್ಲ, ಪಂಪಿನಿಂದ. ಅಜ್ಜಿಮನೆಯ ಬಾವಿಗೆ ಐದು ಎಚ್.ಪಿ. ಪಂಪು ಕೂರಿಸಿದ ದಿನ ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋಗಿದ್ದರು. ಅದೊಂದು ಪಂಪು ಮೇಲಿನ ಗದ್ದೆಗೂ ಕೆಳಗಿನ ಗದ್ದೆಗೂ ನೀರು ಕೊಟ್ಟು, ತೆಂಗಿನ ಬುಡಗಳಿಗೂ ಹಾಯಿಸಿ, ಕೊನೆಗೆ ನಾವು ಮಕ್ಕಳು ಕೊಳವೆಯ ಬಾಯಿಗೆ ತಲೆಯೊಡ್ಡಿ ಸ್ನಾನ ಮಾಡುವಷ್ಟು ಉಳಿಸುತ್ತಿತ್ತು. ಐದರಲ್ಲಿ ಒಂದು ಮನೆ ಅನ್ನ ಉಂಡಿತು. ನೂರ ಹದಿನೆಂಟರಲ್ಲಿ ನಾನು ಹೋಗುವುದು ಬಿಜೈ ಬಸ್ ನಿಲ್ದಾಣದ ಬಳಿಯ ನನ್ನ ಬ್ಯಾಗಿನ ಅಂಗಡಿಯ ಬೀಗ ತೆಗೆಯಲಿಕ್ಕೆ.

ಹೊಸ ಕಾರು ಕೊಳ್ಳುವ ಆಸೆ ನನ್ನದಲ್ಲ. ಹಳೆಯದರ ಬಿಡಿಭಾಗ ಎಲ್ಲೂ ಸಿಗದೇ ಹೋದಾಗ, ಗಲ್ಫಿನಿಂದ ರಜೆಯಲ್ಲಿ ಬಂದು ನಮ್ಮಲ್ಲೇ ಉಳಿದಿದ್ದ ಅಕ್ಕನ ಮಗ ನನ್ನನ್ನು ಶೋರೂಮಿಗೆ ಎಳೆದುಕೊಂಡು ಹೋದ. ಅಲ್ಲಿದ್ದ ಹುಡುಗಿಗೆ ನಾನು ನೇರವಾಗಿಯೇ ಕೇಳಿದೆ: "ಮೂವತ್ತೇಳು ಎಚ್.ಪಿ.ದು ಯಾವುದು ಉಂಟು?"

ಅವಳು ನಗು ತಡೆದುಕೊಂಡಳು. "ಅಷ್ಟು ಈಗ ಬೈಕಿಗೇ ಬರ್ತದೆ ಸರ್."

"ನನಗೆ ಅಷ್ಟು ಸಾಕು ಮಾರಾಯ್ತಿ. ನಾನು ಯಾರನ್ನು ಓಡಿಸಿಕೊಂಡು ಹೋಗ್ಲಿಕ್ಕೆ ಉಂಟು?"

"ಮಾವ, ಈಗ ಎಲ್ಲ ಗಾಡಿಗೂ ಇಷ್ಟು ಇರ್ತದೆ," ಎಂದ ಅಳಿಯ. "ಓವರ್‌ಟೇಕ್ ಮಾಡುವಾಗ ಬೇಕಾಗ್ತದೆ."

ಎಲ್ಲರಿಗೂ ಅಷ್ಟೇ ಇದ್ದರೆ ಯಾರು ಯಾರನ್ನು ಹಿಂದೆ ಹಾಕುವುದು ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಬಣ್ಣ ಆರಿಸಲಿಕ್ಕೆ ಹೋಗಿಯಾಗಿತ್ತು.

ಹಳೆಯ ಕಾರನ್ನು ನಾನೊಬ್ಬನೇ ಓಡಿಸುತ್ತಿದ್ದೆ ಎಂದು ಊರೆಲ್ಲ ತಿಳಿದಿತ್ತು. ಅದು ಪೂರ್ತಿ ನಿಜವಲ್ಲ. ಅದಕ್ಕೆ ಎಡಗಡೆ ಕನ್ನಡಿಯೇ ಇರಲಿಲ್ಲ. ಆ ಕನ್ನಡಿಯ ಕೆಲಸ ನನ್ನ ಹೆಂಡತಿಯದು. "ಬಸ್ಸು ಉಂಟು, ನಿಲ್ಲಿ... ಈಗ ಬನ್ನಿ, ಬನ್ನಿ," ಎಂದು ಅವಳು ಹೇಳಿದರೆ ನಾನು ತಿರುಗಿಸುವುದು. ಅದಕ್ಕಿಂತ ದೊಡ್ಡ ಕೆಲಸ ಏರಿನದು. ಎ.ಸಿ. ಹಾಕಿಕೊಂಡು ಏರು ಹತ್ತುವ ತ್ರಾಣ ಆ ಬಡಪಾಯಿ ಎಂಜಿನಿಗೆ ಇರಲಿಲ್ಲ. ಮಂಗಳೂರಿನಲ್ಲಿ ಏರಿಲ್ಲದ ದಾರಿ ಎಲ್ಲಿದೆ? ಭಾನುವಾರ ಬಲ್ಮಠದ ಅಕ್ಕನ ಮನೆಗೆ ಹೊರಟೆವೆಂದರೆ, ಏರಿನ ಬುಡ ಬರುತ್ತಿದ್ದಂತೆ ನಾನು ಹೇಳದೆಯೇ ಅವಳ ಕೈ ಹೋಗಿ ಎ.ಸಿ. ಆಫ್ ಮಾಡುತ್ತಿತ್ತು. ನಾನು ಎರಡನೇ ಗೇರಿಗೆ ಇಳಿಸುತ್ತಿದ್ದೆ. ಇಬ್ಬರೂ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದೆವು, ಅದರಿಂದ ಕಾರಿಗೆ ಏನೋ ಸಹಾಯವಾಗುತ್ತದೆ ಎಂಬಂತೆ. ಮೇಲೆ ತಲುಪಿದ ಮೇಲೆ ಅವಳು "ಹಾಕ್ಲಾ?" ಎನ್ನುತ್ತಿದ್ದಳು. ನಾನು "ಹಾಕು" ಎನ್ನುತ್ತಿದ್ದೆ. ಮನೆಯಲ್ಲಿ ನಮ್ಮದು ತುಳು. ಆದರೆ ಈ ಎರಡು ಮಾತು ಯಾಕೋ ಯಾವಾಗಲೂ ಕನ್ನಡದಲ್ಲೇ ಆಗುತ್ತಿತ್ತು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅವಳು "ಹಾಕ್ಲಾ?" ಎಂದು ಕೇಳುವುದನ್ನು ಬಿಟ್ಟವಳಲ್ಲ.

ಹೊಸ ಕಾರಿಗೆ ಪೂಜೆ ಮಾಡಿಸಿ, ಚಕ್ರಕ್ಕೆ ಲಿಂಬೆ ಇಟ್ಟು, ಮೊದಲ ಭಾನುವಾರ ಬಲ್ಮಠಕ್ಕೆ ಹೊರಟೆವು. ಹೆಂಡತಿ ಎಂದಿನಂತೆ ನನ್ನ ಪಕ್ಕ, ಅಳಿಯ ಹಿಂದೆ. ಏರಿನ ಬುಡ ಬಂತು. ಅವಳ ಕೈ ತನ್ನಷ್ಟಕ್ಕೆ ಮುಂದೆ ಹೋಗಿ ಗುಂಡಿ ಒತ್ತಿತು. ಹಳೆಯ ಕಾರಿನಲ್ಲಿ ಎ.ಸಿ. ಇದ್ದ ಜಾಗದಲ್ಲಿ ಇದರಲ್ಲಿ ಕೆಂಪು ತ್ರಿಕೋನದ ಗುಂಡಿ ಇದೆ, ಕೆಟ್ಟು ನಿಂತ ಗಾಡಿಯವರು ನಾಲ್ಕೂ ದೀಪ ಮಿನುಗಿಸುವಂಥದ್ದು. ನಮಗೆ ಅದು ತಿಳಿಯಲಿಲ್ಲ. 'ಟಕ್ ಟಕ್' ಎಂಬ ಸದ್ದು ಕೇಳಿ ಎಂಜಿನಿಗೇ ಏನೋ ಆಯಿತೆಂದು ನಾನು ಏರಿನ ಅರ್ಧದಲ್ಲಿ ನಿಲ್ಲಿಸಿಬಿಟ್ಟೆ. ಹಿಂದಿನವರ ಹಾರ್ನು ಶುರುವಾಯಿತು. ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು, "ಎಂತಾಯ್ತು? ಹೊಸ ಗಾಡಿ ಅಲ್ವಾ? ದೂಡ್ಬೇಕಾ?" ಎಂದು ಕೇಳಿದ. ನೂರ ಹದಿನೆಂಟು ಕುದುರೆಯ ಗಾಡಿಯನ್ನು ದೂಡಲಿಕ್ಕೆ ಜನ ಇಳಿದಿದ್ದರು.

ಅಳಿಯ ಹಿಂದಿನಿಂದ ಕೈ ಚಾಚಿ ಗುಂಡಿ ಒತ್ತಿದ. ಸದ್ದು ನಿಂತಿತು. ಅವನು ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಮಾಮಿ, ಇದಕ್ಕೆ ಪವರ್ ಉಂಟು. ನೀವು ಇನ್ನು ಎಂತದೂ ಮಾಡುದು ಬೇಡ. ಆರಾಮಲ್ಲಿ ಕೂತ್ಕೊಳ್ಳಿ."

ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ವಾಪಸು ಹೊರಡುವಾಗ ಅವಳು ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಳು. ಅಳಿಯನಿಗೆ ಮುಂದೆ ಜಾಗ ಬಿಟ್ಟಿರಬೇಕು ಎಂದುಕೊಂಡೆ.

ಅಳಿಯನ ರಜೆ ಮುಗಿಯಿತು, ಅವನು ಗಲ್ಫಿಗೆ ಹೋದ. ಅವಳು ಮಾತ್ರ ಮುಂದೆ ಬರಲಿಲ್ಲ. ಕೇಳಿದರೆ, "ಹಿಂದೆ ಕಾಲು ನೀಡ್ಲಿಕ್ಕೆ ಜಾಗ ಉಂಟು," ಎಂದಳು. ಇನ್ನೊಮ್ಮೆ, "ಮುಂದೆ ಬಿಸಿಲು ಬೀಳ್ತದೆ," ಎಂದಳು. ಇಷ್ಟು ವರ್ಷ ಬೀಳದ ಬಿಸಿಲು ಈಗ ಎಲ್ಲಿಂದ ಬಂತೋ. ನನ್ನ ಪಕ್ಕದ ಸೀಟು ಖಾಲಿ. ಅದರ ಬೆಲ್ಟು ಹಾಕಿಲ್ಲವೆಂದು ಈ ಕಾರು ಬಡಿದುಕೊಳ್ಳುವುದೂ ಇಲ್ಲ, ಏಕೆಂದರೆ ಅಲ್ಲಿ ಯಾರೂ ಇಲ್ಲವೆಂದು ಅದಕ್ಕೆ ಗೊತ್ತು. ಎಡಗಡೆ ಕನ್ನಡಿ ಇದೆ, ಹಿಂದೆ ಕ್ಯಾಮೆರಾ ಇದೆ, ಗೋಡೆ ಹತ್ತಿರ ಬಂದರೆ ಕೂಗುವ ಯಂತ್ರ ಇದೆ. ಕೂಗಲಿ, ಯಾರು ಬೇಡ ಎಂದರು? ಆದರೆ ಅದು "ಬನ್ನಿ, ಬನ್ನಿ" ಎನ್ನುವುದಿಲ್ಲ.

ಒಂದು ಮದುವೆಗೆ ಹೋದೆವು. ಸಭಾಭವನದ ಗೇಟಿನಲ್ಲಿ ನಿಲ್ಲಿಸಿದಾಗ ಅವಳು ರೇಷ್ಮೆ ಸೀರೆಯಲ್ಲಿ ಹಿಂದಿನ ಬಾಗಿಲಿನಿಂದ ಇಳಿದು ಒಳಗೆ ಹೋದಳು. ವಾಚ್‌ಮನ್ ನನ್ನ ಕಿಟಕಿಗೆ ಬಗ್ಗಿ, "ಅಣ್ಣಾ, ಗಾಡಿ ಹಿಂದೆ ಹಾಕಿ. ಡ್ರೈವರ್‌ಗಳಿಗೆ ಊಟ ಕೊನೆಯ ಪಂಕ್ತಿಗೆ," ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ಹೊಳೆಯಲಿಲ್ಲ. ವಾಚ್‌ಮನ್ ಕಂಡದ್ದನ್ನು ಹೇಳಿದ್ದ. ಹೆಂಡತಿ ಕಾಲು ನೀಡಲಿಕ್ಕೆ ಜಾಗವಿದ್ದಲ್ಲಿ ಕುಳಿತಿದ್ದಳು. ಕಾರಿನ ಮೇಲೆ ಸಿಟ್ಟಾಗೋಣವೆಂದರೆ, ಪಾಪ, ಅದು ಒಂದು ದಿನವೂ ಏರಿನಲ್ಲಿ ಏದುಸಿರು ಬಿಟ್ಟದ್ದಿಲ್ಲ.

ಮನೆಗೆ ಬಂದು ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಮರುದಿನವೂ ಹಿಂದೆಯೇ ಕುಳಿತಳು.

ಕೊನೆಗೆ ಅಕ್ಕನ ಹತ್ತಿರ ದೂರಿದೆ. ಅಕ್ಕ ಮೀನಿಗೆ ಖಾರ ಹಚ್ಚುತ್ತಿದ್ದವಳು ತಲೆಯನ್ನೂ ಎತ್ತದೆ, "ಅವಳಿಗೆ ಅಲ್ಲಿ ಈಗ ಎಂತ ಕೆಲಸ ಉಂಟು?" ಎಂದಳು.

"ಸೀಟು ಇರುದು ಕೂತ್ಕೊಳ್ಳಿಕ್ಕೆ ಅಲ್ವಾ? ಕೆಲಸ ಎಂತದು?"

"ಹಾಗಾದ್ರೆ ಎಲ್ಲಿ ಕೂತ್ರೆ ಎಂತ?" ಎಂದಳು ಅಕ್ಕ.

ಅಂಗಡಿಯಲ್ಲಿ ಬ್ಯಾಗುಗಳ ಜಿಪ್ಪು ಎಳೆದು ತೋರಿಸುತ್ತಲೂ ಅದನ್ನೇ ಯೋಚಿಸಿದೆ. ಶಕ್ತಿ ಹೆಚ್ಚಾದರೆ ಸುಖ ಹೆಚ್ಚಾಗಬೇಕಲ್ಲವೇ? ಹೆಚ್ಚಾಗಿದೆ ಕೂಡ. ಎ.ಸಿ. ತಣ್ಣಗಿದೆ, ಏರು ಬಂದದ್ದೇ ತಿಳಿಯುವುದಿಲ್ಲ. ಆದರೂ ಬಲ್ಮಠದ ದಾರಿ ನನಗೆ ಹಿಂದೆಂದೂ ಇಷ್ಟು ಉದ್ದ ಅನಿಸಿರಲಿಲ್ಲ. ನಾವು ಆ ದಾರಿಯಲ್ಲಿ ತಪ್ಪದೆ ಆಡುತ್ತಿದ್ದದ್ದು ಎರಡೇ ಮಾತು. ಆ ಎರಡು ಹೋದ ಮೇಲೆ ಉಳಿದ ಮಾತುಗಳೂ ಎಲ್ಲಿ ಹೋದವು ಎಂದು ನನಗೆ ಗೊತ್ತಾಗಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಬಲ್ಮಠಕ್ಕೆ ಹೊರಟೆವು. ಎಪ್ರಿಲ್ ಸೆಕೆ, ಹೊರಗೆ ಬೆಂಕಿ. ಅವಳು ಹಿಂದೆ, ಮಡಿಲಲ್ಲಿ ಬಚ್ಚಲ ಬದಿಯ ಕೆಸುವಿನೆಲೆಯಿಂದ ಅಕ್ಕನಿಗೆಂದು ಮಾಡಿದ ಪತ್ರೊಡೆಯ ಡಬ್ಬಿ. ಏರಿನ ಬುಡ ಬಂತು. ನನ್ನ ಕೈ ಮುಂದೆ ಹೋಗಿ, ಪರದೆಯ ಕೆಳಗಿನ ಗುಂಡಿ ಹುಡುಕಿ, ಎ.ಸಿ. ಆಫ್ ಮಾಡಿತು. ಬೇಕೆಂದೇ ಮಾಡಿದೆನೋ, ಕೈ ತಾನಾಗಿ ಮಾಡಿತೋ, ಈಗ ಯೋಚಿಸಿದರೂ ಹೇಳಲಾರೆ. ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿದ್ದೆ ಎಂಬುದು ಮಾತ್ರ ನೆನಪಿದೆ.

ಕಾರಿನೊಳಗೆ ಸೆಕೆ ಏರತೊಡಗಿತು. "ಎ.ಸಿ. ಯಾಕೆ ಆಫ್ ಮಾಡಿದ್ರಿ?" ಎಂದಳು ಹಿಂದಿನಿಂದ.

"ಏರು ಉಂಟಲ್ಲ."

"ಈ ಗಾಡಿಗೆ ಅದು ಬೇಡ ಅಂತ ಹೇಳಿದ್ನಲ್ಲ ನಿಮ್ಮ ಅಳಿಯ?"

"ಗಾಡಿಗೆ ಬೇಡ," ಎಂದೆ.

ನನ್ನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅವಳೂ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಕಾರಿಗೆ ಇದಾವುದರ ಗೊಡವೆಯಿಲ್ಲ, ಅದು ಎಂದಿನಂತೆ ಸರಾಗ ಏರಿತು. ಮೇಲೆ ತಲುಪಿ ದಾರಿ ಸಪಾಟಾಯಿತು. ನಾನು ಗುಂಡಿ ಮುಟ್ಟಲಿಲ್ಲ.

"ಹಾಕ್ಲಾ?"

"ಅಲ್ಲಿಂದ ನಿನಗೆ ಕೈ ಎಟುಕುದಿಲ್ಲ," ಎಂದೆ.

"ಬದಿಗೆ ನಿಲ್ಲಿಸಿ ಹಾಗಾದ್ರೆ," ಎಂದಳು, ನನ್ನದೇ ತಪ್ಪು ಎಂಬ ದನಿಯಲ್ಲಿ.

ನಿಲ್ಲಿಸಿದೆ. ಹಿಂದಿನ ಬಾಗಿಲು ಹಾಕಿಕೊಂಡಿತು, ಮುಂದಿನದು ತೆರೆಯಿತು. ಅವಳು ಪತ್ರೊಡೆಯ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿ, ಬೆಲ್ಟು ಎಳೆದುಕೊಂಡು, ಗುಂಡಿಗಳ ಮುಂದೆ ಬೆರಳು ಹಿಡಿದು ಅನುಮಾನಿಸಿದಳು.

"ಕೆಂಪು ತ್ರಿಕೋನ ಅಲ್ಲ," ಎಂದೆ.

"ಗೊತ್ತುಂಟು," ಎಂದು ಎ.ಸಿ. ಹಾಕಿದಳು. ಆಮೇಲೆ ಡಬ್ಬಿ ವಾಪಸು ತೆಗೆದುಕೊಂಡಳು. ಮುಂದಿನ ಎಡ ತಿರುವಿನಲ್ಲಿ ಕಿಟಕಿಯ ಕಡೆ ನೋಡಿ, "ಬಸ್ಸು ಉಂಟು, ನಿಲ್ಲಿ," ಎಂದಳು. ನಾನು ಎಡಗಡೆ ಕನ್ನಡಿ ನೋಡದೆ ಕಾದೆ.