ನಾಳೆಗೆ ಉಳಿಸಿದ ಹೂವು

ಬನಹಟ್ಟಿಯಲ್ಲಿ ಕಂಪನಿಯೊಂದು ನೇಕಾರರಿಗೆಂದು ತೆರೆದಿದ್ದ ಉಚಿತ ಕಂಪ್ಯೂಟರ್ ತರಗತಿಯಲ್ಲಿ ನಾನು ಕಲಿಸುತ್ತಿದ್ದೆ. ಸೀರೆಯಂಚಿನ ವಿನ್ಯಾಸ ಕಲಿಯಲು ಬರುತ್ತಿದ್ದ ನೇಕಾರ ಹೆಂಗಸೊಬ್ಬರು ಮೌಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತಿದ್ದರು. ಏಳುವಾಗ ಮಾತ್ರ ಕೊನೆಯದೊಂದು ಹೂವನ್ನು ಬರೆಯದೆ ಬಿಡುತ್ತಿದ್ದರು. ಕೇಳಿದರೆ ಒಂದೇ ಮಾತು: “ಮಗ್ಗಾ ಬರಿದ ಬಿಡಬಾರದ್ರೀ ಸರ. ಹಳೀ ಎಳಿ ಇದ್ರನ ಹೊಸಾ ಎಳಿ ಗಂಟ ಹಾಕಾಕ ಬರತೈತಿ.”

ಅಂಚು ಪೂರ್ತಿಯಾದರೆ ಜಮಖಂಡಿಯ ಸೀರೆ ವ್ಯಾಪಾರಿಗೆ ತೋರಿಸುವುದೆಂದು ಮಾತಾಗಿತ್ತು. ಆ ಸಂಜೆಯೂ ಒಂದು ಹೂವು ಉಳಿಸಿ, “ನಾಳಿಗೆ ಮುಗಸ್ತೇನ್ರೀ” ಎಂದು ಹೋದರು.

ಮರುದಿನ ಬಾಗಿಲಲ್ಲಿ ಟೆಂಪೊ ನಿಂತಿತ್ತು. ಕಂಪನಿಯ ಒಪ್ಪಂದ ಮುಗಿಯಿತಂತೆ. ನನಗೂ ಯಾರೂ ಹೇಳಿರಲಿಲ್ಲ. ಕಂಪ್ಯೂಟರುಗಳನ್ನು ಹೇರುತ್ತಿದ್ದ ಹಮಾಲನ ತೋಳನ್ನು, ತರಗತಿಗೆಂದು ಬಂದ ಆ ಹೆಂಗಸು ಮೆಲ್ಲಗೆ ಹಿಡಿದರು.

“ಅಣ್ಣಾ, ಅದರಾಗ ನನ್ನ ಎಳಿ ಐತಿ. ಸಾವಕಾಶ ಇಡಪಾ.”