ಕಣ್ಣು ಮುಚ್ಚಿ ಕೈ ಚಾಚಿ

ಅವರ ಅಂಗಿಯ ಎಡತೋಳಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡುಗಳು ಸಾಲಾಗಿ ಅಂಟಿಕೊಂಡಿರುತ್ತಿದ್ದವು. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬೆರಳುದ್ದದ ತುಂಡುಗಳನ್ನು ಕತ್ತರಿಸಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಅಂಟಿಸಿಕೊಳ್ಳುವುದು ಅವರ ಮೊದಲ ಕೆಲಸ. ಆಮೇಲೆ ಒಂದೊಂದೇ ತುಂಡು ತೋಳಿನಿಂದ ಕಾರು ಜೀಪುಗಳ ವೈರುಗಳಿಗೆ ಹೋಗುತ್ತಿತ್ತು. ತೋಳು ಬೋಳಾಗಿದ್ದರೆ ಆ ದಿನ ಕೆಲಸ ಜೋರಾಗಿ ನಡೆದಿದೆ ಎಂದು ಕೊಡಗಿನ ಅಮ್ಮತ್ತಿಯಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು.

ಅವರು ವಾಹನಗಳ ಎಲೆಕ್ಟ್ರಿಷಿಯನ್, ಊರವರ ಬಾಯಲ್ಲಿ ಅಣ್ಣ, ಭಾಗಮಂಡಲದ ಕಡೆಯವರು. ನಾನು ದನದ ಡಾಕ್ಟರು, ಇದೇ ಜಿಲ್ಲೆಯ ಉತ್ತರದ ತುದಿಯವಳು. ನಮ್ಮ ಕಡೆ ಗದ್ದೆಯ ಬಯಲು, ಒಂದು ಮನೆಯ ಜಗಲಿಯಿಂದ ಕೂಗಿದರೆ ಇನ್ನೊಂದು ಮನೆಯವರು ಏನು ಎನ್ನುತ್ತಾರೆ. ಅಮ್ಮತ್ತಿಗೆ ವರ್ಗವಾಗಿ ಬಂದರೆ ಇಲ್ಲಿ ಮನೆಗಳೆಲ್ಲ ಕಾಫಿ ತೋಟದ ಒಳಗೆ. ರಸ್ತೆಗೆ ಕಾಣುವುದು ಗೇಟು, ಮನೆತನದ ಹೆಸರಿನ ಬೋರ್ಡು, ಎರಡು ನಾಯಿ, ಅಷ್ಟೇ. ಒಂದೇ ಮನೆತನದ ಹೆಸರಿನಲ್ಲಿ ನಾಲ್ಕು ಗೇಟುಗಳಿದ್ದರೆ ಕಾಯಿಲೆಯ ಹಸು ಯಾವ ಗೇಟಿನ ಹಿಂದಿದೆ ಎಂದು ನನಗೆ ಹೇಗೆ ತಿಳಿಯಬೇಕು? ಹಾಗಾಗಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನೊಮ್ಮೆ ರಸ್ತೆಯನ್ನೊಮ್ಮೆ ನೋಡುತ್ತಾ ಕಾರು ಓಡಿಸುತ್ತಿದ್ದೆ. ಬುದ್ಧಿವಂತಿಕೆ ಎಂದೇ ತಿಳಿದಿದ್ದೆ.

ಒಂದು ಮಧ್ಯಾಹ್ನ ತಿರುವಿನಲ್ಲಿ ಸಿಗ್ನಲ್ ಹೋಯಿತು, ಮ್ಯಾಪು ನಿಂತಲ್ಲೇ ನಿಂತಿತು. ತಲೆ ಬಗ್ಗಿಸಿ ಅದನ್ನು ತಟ್ಟುತ್ತಿದ್ದಾಗ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಕೂಲಿಯವರ ಲೈನ್ ಮನೆಗೆ ನಡೆದು ಹೋಗುತ್ತಿದ್ದ ಹೆಂಗಸೊಬ್ಬಳು ಕಾಫಿ ಗಿಡಗಳ ನಡುವೆ ಹಾರಿ ಬಚಾವಾದಳು. ಅವಳ ಒಂದು ಚಪ್ಪಲಿ ನನ್ನ ಕಾರಿನ ಚಕ್ರದಡಿ ಸಿಕ್ಕಿಕೊಂಡಿತ್ತು. ನಾನು ಇಳಿದರೆ ಅವಳು ಸೀರೆಗೆ ಮೆತ್ತಿದ ಎಲೆ ಕೊಡವಿಕೊಳ್ಳುತ್ತಾ, ಬೈಯದೆ, ಬೇಸರದಿಂದ ಅಂದಳು: “ದಾರಿ ಗೊತ್ತಾಗ್ಲಿಲ್ಲ ಅಂದ್ರೆ ನನ್ನನ್ನೇ ಕೇಳ್ಬೋದಿತ್ತಲ್ಲ ಮೇಡಂ.”

ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ಮಾತು ಮಾತ್ರ ಊಟ ಮಾಡುವಾಗಲೂ ಕಿವಿಯಲ್ಲಿತ್ತು. ಎಸ್ಟೇಟಿನ ಜೀಪು ಕಾರನ್ನು ಮೇಲಕ್ಕೆಳೆಯಿತು. ಒಡೆದ ಹೆಡ್‌ಲೈಟ್ ಹಾಕಿಸಲು ಮರುದಿನ ಎಲೆಕ್ಟ್ರಿಷಿಯನ್ ಅಣ್ಣನ ಅಂಗಡಿಗೆ ಹೋದೆ. ಲೈಟು ಸರಿಯಾದ ಮೇಲೆ ಕಾರು ಮಾರುವವಳಿದ್ದೇನೆ, ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ, ಆಟೋದಲ್ಲೇ ತಿರುಗುತ್ತೇನೆ ಎಂದು ಅವರಿಗೆ ಹೇಳಿದೆ. ಅವರು ತೋಳಿನಿಂದ ಟೇಪು ಕಿತ್ತು ವೈರಿಗೆ ಸುತ್ತುತ್ತಾ, ಕರು ಅಡ್ಡ ಸಿಕ್ಕಿಕೊಂಡ ಹಸು ಆಟೋ ಬರುವ ತನಕ ಕಾಯುತ್ತದಾ ಎಂದು ಕೇಳಿದರು. ಆಟೋದವನು ಊಟಕ್ಕೆ ಹೋಗಿದ್ದರೆ ಒಂದು ಕರು ಹೋಯಿತು ಎಂದೇ ಲೆಕ್ಕ, ಅದು ನನಗೂ ಗೊತ್ತಿತ್ತು.

“ಫೋನ್ ಕೊಡಿ. ನೀವು ಸೀಟಲ್ಲಿ ಕೂತ್ಕೊಳ್ಳಿ” ಅಂದರು.

ಕೂತೆ. ಕಣ್ಣು ಮುಚ್ಚಿ ಎಡಗೈ ಚಾಚಿ ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ಗಂಭೀರವಾಗಿಯೇ ಇದ್ದರು. ಮೂರು ಸಲ ಚಾಚಿಸಿದರು. ಮೂರು ಸಲವೂ ನನ್ನ ಬೆರಳು ತಾಗಿದ ಜಾಗಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಟೇಪಿನ ಗುರುತು ಹಾಕಿ, ಅಲ್ಲೇ ಫೋನಿನ ಹೋಲ್ಡರ್ ಕೂರಿಸಿದರು. ಗಾಜಿಗೆ ಅಡ್ಡ ಬರಬಾರದು, ಏರ್‌ಬ್ಯಾಗಿನ ದಾರಿಯಲ್ಲಿರಬಾರದು, ಹುಡುಕದೆ ಕೈಗೆ ಸಿಗಬೇಕು. ಇದೇ ಅವರ ಅಳತೆ. ಮಡಿಕೇರಿಯಿಂದ ಬಂದ ಒಬ್ಬರು ಗಾಜಿನ ನಟ್ಟನಡುವೆ ಹಾಕಿಕೊಡಿ, ನೋಡಲು ಚೆಂದ ಎಂದು ಹಟ ಹಿಡಿದಾಗ, ಅಲ್ಲಿ ದೇವರ ಫೋಟೋ ಹಾಕ್ಕೊಳ್ಳಿ, ಫೋನು ಬೇಡ ಎಂದು ಕಳಿಸಿಬಿಟ್ಟಿದ್ದರಂತೆ.

ಚಾರ್ಜರಿನ ವೈರು ಗೇರಿಗೆ ತೊಡರದ ಹಾಗೆ ಅಂಚಿನಗುಂಟ ಟೇಪು ಹಾಕಿದರು. ಫೋನಿನ ದನಿ ಕಾರಿನ ಸ್ಪೀಕರಿನಲ್ಲಿ ಬರುವಂತೆ ಜೋಡಿಸಿದರು. ಸಿಗ್ನಲ್ ಇಲ್ಲದ ಕಡೆಯೂ ಇರಲಿ ಎಂದು ಇಡೀ ಕೊಡಗಿನ ಮ್ಯಾಪನ್ನು ಅಂಗಡಿಯ ವೈಫೈಯಿಂದ ನನ್ನ ಫೋನಿಗೆ ಇಳಿಸಿದರು. ಓಡಿಸುವಾಗ ಮೆಸೇಜುಗಳು ತಲೆ ಎತ್ತದಂತೆ ಮಾಡಿದರು. ಕರೆ ಬಂದರೆ ಜಾಗ ನೋಡಿ ನಿಲ್ಲಿಸಿದ ಮೇಲೇ ಮಾತು ಎಂದು ನನ್ನಿಂದ ಹೇಳಿಸಿಕೊಂಡರು. ಕೊನೆಗೆ ದಾರಿ ಹೇಳುವ ದನಿಯನ್ನು ಕನ್ನಡಕ್ಕೆ ತಿರುಗಿಸಿ, ಒಂದೇ ಒಂದು ಪಾಠ ಹೇಳಿದರು: “ದಾರಿ ಯಾವ್ದು ಅಂತ ಗೇಟಿನೊಳಗೇ ಕೇಳ್ಬೇಕು. ಗೇಟ್ ದಾಟಿದ ಮೇಲೆ ಕೇಳಿಸ್ಕೊಳ್ಳೋದು ಮಾತ್ರ.”

ಇನ್ನು ಟೆಸ್ಟ್ ಡ್ರೈವ್. ಹೆಗಲ ಮೇಲಿನ ಟವೆಲನ್ನು ಫೋನಿನ ಮೇಲೆ ಹೊದಿಸಿ, ಪಕ್ಕದ ಸೀಟಿನಲ್ಲಿ ಕುಳಿತು, ಬರೀ ದನಿ ಕೇಳಿ ಓಡಿಸಿ ಎಂದರು. ಎಲ್ಲಿಗೆ ಎಂದು ಅವರೇ ಫೋನಿಗೆ ಹಾಕಿದ್ದರು, ನನಗೆ ಹೇಳಲಿಲ್ಲ. ನಾನು ಎರಡನೇ ಗೇರು ದಾಟಲೇ ಇಲ್ಲ. ನಿನ್ನೆಯಂಥದೇ ತಿರುವು, ಅಂಥವೇ ಗಿಡಗಳು. ಇನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ ಎಂದು ಫೋನಿನ ಹೆಣ್ಣುದನಿ ಹೇಳಿದರೆ ಅವರು ವಿನಯದಿಂದ “ಆಯ್ತಮ್ಮ” ಅನ್ನುತ್ತಿದ್ದರು. ಒಂದು ಕಡೆ ಅದು ಬಲಕ್ಕೆ ಎಂದಿತು. ನೋಡಿದರೆ ಬೀಗ ಹಾಕಿದ ಎಸ್ಟೇಟ್ ಗೇಟು. “ಪಾಪ, ಅದಕ್ಕೆ ಬೀಗದ ವಿಷಯ ಎಂತ ಗೊತ್ತು. ನೇರ ಹೋಗಿ, ಅದೇ ಬೇರೆ ದಾರಿ ಹೇಳ್ತದೆ” ಎಂದರು. ನನಗೆ ನಗು ಬಂತು. ನಕ್ಕ ಮೇಲೆ ಗಮನಿಸಿದೆ, ಕಣ್ಣು ಇಡೀ ಹೊತ್ತು ರಸ್ತೆಯ ಮೇಲೇ ಇತ್ತು.

ಕಾರು ನಿಂತದ್ದು ಅವರ ಮನೆಯಂಗಳದಲ್ಲಿ. ಅಕ್ಕ, ಅಂದರೆ ಅವರ ಹೆಂಡತಿ, ಆಗಲೇ ಎರಡು ತಟ್ಟೆ ಇಟ್ಟಿದ್ದರು. ಆಮೇಲೆ ತಿಳಿಯಿತು, ಅಣ್ಣನ ಬಳಿ ಸ್ವಂತ ಕಾರಿರಲಿಲ್ಲ. ಫಿಟ್ಟಿಂಗುಗಳನ್ನೆಲ್ಲ ಮಧ್ಯಾಹ್ನದ ಹೊತ್ತಿಗೇ ಇಟ್ಟುಕೊಂಡು, ಗಿರಾಕಿಯ ಟೆಸ್ಟ್ ಡ್ರೈವಿನಲ್ಲೇ ಊಟಕ್ಕೆ ಮನೆ ಸೇರುತ್ತಿದ್ದರು. ಉಂಡು ಮತ್ತೆ ಅದೇ ಕಾರಿನಲ್ಲಿ ಅಂಗಡಿಗೆ. ಕೇಳಿದರೆ, ಬರುವ ದಾರಿಯನ್ನೂ ಟೆಸ್ಟ್ ಮಾಡಬೇಡವಾ ಎನ್ನುತ್ತಿದ್ದರು. ಗಿರಾಕಿಗಳ ಫೋನಿನಲ್ಲೆಲ್ಲ ತಮ್ಮ ಮನೆಯನ್ನು ‘ಊಟ’ ಎಂಬ ಹೆಸರಿನಲ್ಲಿ ಉಳಿಸಿಟ್ಟಿರುತ್ತಿದ್ದರು. ನನಗಂತೂ ಅದು ಚಾಳಿಯೇ ಆಯಿತು. ಆ ಕಡೆ ಹಸು ನೋಡಲು ಹೋದಾಗಲೆಲ್ಲ ‘ಊಟ’ ಒತ್ತಿ ಹೋಗಿ ಅಕ್ಕನ ಕೈಯ ಕಡುಬು ತಿಂದು ಬರುತ್ತಿದ್ದೆ. ಕಾರು ಮಾರುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಪಿಕಿಂಗಿನ ಆ ಹೆಂಗಸಿಗೆ ಹೊಸ ಚಪ್ಪಲಿ ಒಯ್ದುಕೊಟ್ಟು ಬಂದೆ. ಈಗ ದಾರಿ ಸಿಗ್ತದಾ ಎಂದು ಅವಳು ಕಂಡಾಗಲೆಲ್ಲ ಕಾಡಿಸುತ್ತಾಳೆ.

ಹೋದ ವರ್ಷ ಒಂದು ಬೆಳಗಿನ ಜಾವ ಎದೆನೋವು ಬಂದು, ಹೆಚ್ಚು ಹಿಂಸೆಪಡದೆ ಅಣ್ಣ ಹೋಗಿಬಿಟ್ಟರು. ಸುದ್ದಿ ಕೇಳಿ ಕಾರು ಹತ್ತಿದವಳು ನಮ್ಮ ಗೇಟಿನೊಳಗೇ ನಿಲ್ಲಿಸಿ ‘ಊಟ’ ಒತ್ತಿದೆ. ಒತ್ತಿ, ಅತ್ತೆ. ಆ ದಾರಿ ನನಗೆ ಬಾಯಿಪಾಠವಾಗಿತ್ತು, ಆದರೂ ಒತ್ತಿದ್ದೆ.

ಅವರ ಮನೆಯ ದಾರಿಯುದ್ದಕ್ಕೂ ಕಾರು, ಜೀಪುಗಳು. ಎಲ್ಲೆಲ್ಲಿಂದಲೋ ಬಂದವರು. ಮನೆ ಎಲ್ಲಿ ಎಂದು ಒಬ್ಬರೂ ಯಾರನ್ನೂ ಕೇಳಿರಲಿಲ್ಲ. ನಡೆಯುತ್ತಾ ಒಂದೊಂದು ಕಾರಿನೊಳಗೂ ಇಣುಕಿದೆ. ಎಲ್ಲದರಲ್ಲೂ ಅವರು ಕೂರಿಸಿದ ಹೋಲ್ಡರು, ಒಂದು ಸ್ವಲ್ಪ ಕೆಳಗೆ, ಒಂದು ಸ್ವಲ್ಪ ಬಲಕ್ಕೆ, ಇನ್ನೊಂದು ಮುಂದಕ್ಕೆ. ಅವರವರ ಕೈ ತಾಗಿದ ಕಡೆ.

ಅಂಗಳದಲ್ಲಿ ನಿಂತಿದ್ದಾಗಲೇ ನನಗೆ ಕರೆ ಬಂತು. ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆ, ಬೇಗ ಬನ್ನಿ. ಅಣ್ಣನನ್ನು ಇನ್ನೂ ಎತ್ತಿರಲಿಲ್ಲ. ಹೋಗಲೋ ಬೇಡವೋ ಎಂದು ನಾನು ಫೋನು ಹಿಡಿದು ನಿಂತದ್ದನ್ನು ಅಕ್ಕ ಕಂಡರು. ಹತ್ತಿರ ಕರೆದು ಕೈ ಹಿಡಿದುಕೊಂಡರು.

“ಹೋಗಿ ಡಾಕ್ಟ್ರೇ. ಇದಕ್ಕೇ ಅಲ್ವಾ ಅವ್ರು ನಿಮ್ಮನ್ನ ಮತ್ತೆ ಸ್ಟೇರಿಂಗ್ ಮುಂದೆ ಕೂರಿಸಿದ್ದು.”

ಅವರ ಅಂಗಳದೊಳಗೇ ಹೋಗಬೇಕಾದ ಮನೆಯನ್ನು ಫೋನಿಗೆ ಹೇಳಿ ಹೊರಟೆ. ದೊಡ್ಡ ರಸ್ತೆ ಸೇರುವ ಮುಂಚೆ, ನೂರು ಮೀಟರ್ ನಂತರ ಎಡಕ್ಕೆ ತಿರುಗಿ ಎಂದು ದನಿ ಹೇಳಿತು. ಪಕ್ಕದ ಸೀಟಿನಲ್ಲಿ ಉತ್ತರ ಕೊಡುವವರು ಇರಲಿಲ್ಲ. ರಸ್ತೆಯ ಮೇಲಿನ ಕಣ್ಣು ತೆಗೆಯದೆ ನಾನೇ “ಆಯ್ತಮ್ಮ” ಎಂದೆ. ಸಮಯಕ್ಕೆ ಸರಿಯಾಗಿ ತಲುಪಿದೆ. ಕರು ಬದುಕಿತು.